ಎರಡು ಗೋಲಿನ ದಂಡ

ಐವತ್ತಾರರ ನವೆಂಬರಿನಲ್ಲಿ ನಮ್ಮ ಕುಂದಾಪುರ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿತು. ಮನೆಯೊಳಗೆ ಅದರಿಂದ ಆದ ವ್ಯತ್ಯಾಸ ಏನೂ ಇಲ್ಲ. ಅಕ್ಕಿ ಅದೇ ಅಂಗಡಿಯದು, ಬಂಗುಡೆ ಅದೇ ಬುಟ್ಟಿಯದು. ನಮ್ಮೂರಿನ ಫುಟ್‌ಬಾಲ್ ಕ್ಲಬ್ಬಿನ ಹಿರಿಯರು ಮಾತ್ರ ಅದರಲ್ಲೊಂದು ಲಾಭ ಕಂಡರು. ಟಿಕೇಟು ಇಟ್ಟು ಆಟ ಆಡಿಸಿದರೆ ಮನರಂಜನಾ ತೆರಿಗೆ ಕಟ್ಟಬೇಕೆಂಬುದು ಮದ್ರಾಸಿನವರ ಕಾಯಿದೆ. ಮದ್ರಾಸೇ ಹೋದ ಮೇಲೆ ತೆರಿಗೆ ಎಲ್ಲಿಯದು ಎಂದು ಅವರ ಲೆಕ್ಕ.

"ವಸೂಲಿಗೆ ಯಾರ್ ಬತ್ರ್? ಮದ್ರಾಸಿಂದ ರೈಲ್ ಹತ್ಕಂಡ್ ಬತ್ರಾ?" ಎಂದು ಕ್ಲಬ್ಬಿನ ಅಧ್ಯಕ್ಷರು ನಮ್ಮ ಜಗಲಿಯಲ್ಲೇ ಕೂತು ಹೇಳಿದ್ದನ್ನು ನಾನು ಕೇಳಿದ್ದೇನೆ. ಅವರಿಗೆ ಪೇಟೆಯಲ್ಲಿ ಜವಳಿ ಅಂಗಡಿ.

ನಮ್ಮ ಮನೆಯವರು ವಕೀಲರೊಬ್ಬರ ಗುಮಾಸ್ತರು. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಕ್ಲಬ್ಬುಗಳು ಸೇರಿ ಮಾಡಿಕೊಂಡ ಸಮಿತಿಗೆ ಅವರೇ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಚಹಾ ನಮ್ಮ ಮನೆಯದು ಎಂದರ್ಥ. ಇನ್ನೊಂದು ಕಡೆ ನನ್ನ ಅಣ್ಣ ಕುಂದಾಪುರ ಕ್ಲಬ್ಬಿನ ಸೆಂಟರ್ ಫಾರ್ವರ್ಡ್. ಹಂಚಿನ ಕಾರ್ಖಾನೆಯಲ್ಲಿ ಕೆಲಸ, ಮೂವತ್ತು ದಾಟಿತ್ತು. ಆಟದ ಮಾರನೆಯ ದಿನ ಅವನ ಬಲ ಮಂಡಿ ಬಾತುಕೊಳ್ಳುತ್ತಿತ್ತು. ನಾನು ಹರಳೆಲೆ ಬಾಡಿಸಿ, ಎಣ್ಣೆ ಸವರಿ ಕಟ್ಟುತ್ತಿದ್ದೆ.

ಡಿಸೆಂಬರಿನಲ್ಲಿ ನಮ್ಮ ಕ್ಲಬ್ಬಿನವರು ಮೈದಾನದ ಸುತ್ತ ತೆಂಗಿನ ಮಡಲಿನ ಮರೆ ಕಟ್ಟಿ, ಟಿಕೇಟು ಇಟ್ಟು ಕೆಲವು ಆಟ ಆಡಿಸಿದರು. ಜನ ಚೆನ್ನಾಗಿಯೇ ಬಂದರು. ಮೊದಲ ಆಟದ ದುಡ್ಡಿನಲ್ಲೇ ಮಂಗಳೂರಿಂದ ಹನ್ನೊಂದು ಜನಕ್ಕೂ ಬೂಟು ಬಂತು. ಹೊರಗಿನ ರೆಫರಿ ಬಂದರು. ಹೋಟೆಲಿನಲ್ಲಿ ಕ್ಲಬ್ಬಿನ ಕಮಿಟಿಯವರಿಗೂ ಅವರ ನೆಂಟರಿಗೂ ಎರಡು ಹೊತ್ತು ಊಟವಾಯಿತು, ಅದೂ ಸಾಲದ ಮೇಲೆ. ಜನವರಿಯಲ್ಲಿ ತಾಲೂಕು ಕಚೇರಿಯ ನೌಕರರೊಬ್ಬರು ನಡೆದುಕೊಂಡೇ ಬಂದು, ರಾಜ್ಯ ಬದಲಾದರೂ ಕಾಯಿದೆ ಬದಲಾಗಿಲ್ಲ, ತೆರಿಗೆ ಕಟ್ಟಿ ಎಂದರು. ಕ್ಲಬ್ಬಿನ ಪೆಟ್ಟಿಗೆಯಲ್ಲಿ ಚೆಂಡಿಗೆ ಗಾಳಿ ಹಾಕುವ ಪಂಪು ಬಿಟ್ಟರೆ ಬೇರೇನೂ ಇರಲಿಲ್ಲ.

ಮಾರ್ಚಿನಲ್ಲಿ ಮೂರು ಊರುಗಳ ಕಪ್ಪಿನ ಆಟ ಬರುವುದಿತ್ತು. ತೆರಿಗೆ ಕಟ್ಟದ ನಮ್ಮ ಕ್ಲಬ್ಬಿಗೆ ಏನು ಶಿಕ್ಷೆ ಎಂದು ನಿರ್ಧರಿಸಲು ಒಂದು ಆದಿತ್ಯವಾರ ಸಮಿತಿ ಕರೆದರು. ಹಿಂದಿನ ಸಂಜೆ ಅಣ್ಣ ಬಂದು ಅಡುಗೆಮನೆಯ ಮೆಟ್ಟಿಲಲ್ಲಿ ಕೂತ.

"ಒಂದ್ ವರ್ಷ ಹೊರಗ್ ಹಾಕ್ತ್ರಂಬ್ರ್. ಹಾಂಗಾರೆ ನಂದ್ ಮುಗೀತ್, ತಂಗಿ. ಬಪ್ಪ ವರ್ಷಕ್ಕೆ ಈ ಮಂಡಿ ಇಪ್ಪುದಿಲ್ಲ. ಬಾವನ ಹತ್ರ ಒಂದ್ ಮಾತ್ ಹೇಳ್."

ಹೇಳಿದೆ. ನಮ್ಮ ಮನೆಯವರು ಚಪ್ಪಲಿಯ ಬಾರು ಸರಿಮಾಡುತ್ತಿದ್ದರು. ತಲೆ ಎತ್ತದೆ, "ನಿನ್ನಣ್ಣ ಇಪ್ಪುದಕ್ಕೇ ನಂಗೆ ಬಾಯಿ ಬಿಡುಕಾತಿಲ್ಲೆ. ಬಿಟ್ರೆ ಊರೆಲ್ಲ ಎಂತ ಹೇಳತ್ತ್?" ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಬೆಳಿಗ್ಗೆ ತಮ್ಮ ತಮ್ಮ ಕ್ಲಬ್ಬಿನ ಪರವಾಗಿ ಬೈಂದೂರಿನಿಂದ ಬಸ್ಸಿನ ಏಜೆಂಟರು, ಬ್ರಹ್ಮಾವರದಿಂದ ಡ್ರಿಲ್ ಮಾಸ್ಟರು ಹೊಳೆ ದಾಟಿ ಬಂದರು. ನಮ್ಮ ಅಧ್ಯಕ್ಷರು, ಜವಳಿಯವರೂ ಬಂದರು. ನಾನು ಅವಲಕ್ಕಿಗೆ ಬೆಲ್ಲ ಕಾಯಿ ಕಲಸುತ್ತ ಒಳಗಿಂದ ಕೇಳುತ್ತಿದ್ದೆ.

ಡ್ರಿಲ್ ಮಾಸ್ಟರು ಸುತ್ತು ಬಳಸಲಿಲ್ಲ. "ನಾವ್ ತೆರ್ಗಿ ಕಟ್ಟಿದ್ದೊ, ಮಾರಾಯ್ರೆ. ಕಟ್ಟಿದ್ದಕ್ಕೆ ನಮ್ ಮಕ್ಳ್ ಬರಿಗಾಲಗೆ ಆಡ್ತೊ. ಕಟ್ಟದವ್ರ್ ಆ ದುಡ್ಡಗೆ ಬೂಟ್ ಹಾಕಂಡ್ ನಮ್ ಕಾಲ್ ಮೆಟ್ಟುದಾ? ಒಂದ್ ವರ್ಷ ಹೊರಗ್ ಕೂತ್ಕಣ್ಲಿ."

ಅಣ್ಣನ ತಂಗಿಯಾಗಿಯೂ ನನಗೆ ಆ ಮಾತು ನ್ಯಾಯವೆಂದೇ ಕಂಡಿತು.

ಜವಳಿಯವರು, "ಹೋಟೆಲಿನವ್ರಿಗೆ ನಾನೇ ಹೇಳ್ತೆ. ಮುಂದಿನ್ ವರ್ಷ ನಿಧಾನ ಕೊಡುವ," ಎಂದರು.

"ನಿಮ್ ಅಂಗಡಿಯಗೆ ಸೀರೆ ಹಾಂಗೇ ಕೊಡ್ತ್ರ್ಯಾ? ಹಾಂಗಾರೆ ನಮ್ ಮನಿಯವ್ರನ್ ಇವತ್ತೇ ಕಳ್ಸ್ತೆ," ಎಂದರು ಡ್ರಿಲ್ ಮಾಸ್ಟರು. ಜಗಲಿ ತುಂಬ ನಗು. ಜವಳಿಯವರು ಮಾತ್ರ ಅವಲಕ್ಕಿಯ ತಟ್ಟೆ ನೋಡುತ್ತ ಕೂತರು.

ಬಸ್ಸಿನ ಏಜೆಂಟರು ಬೇರೆ ದಾರಿ ಹಿಡಿದರು. "ಹ್ವಾಯ್, ಕುಂದಾಪ್ರದವ್ರ್ ಇಲ್ದಿರೆ ಕಪ್ ನಮ್ಮಿಬ್ರಿಗೇ, ಸೈ. ಆದ್ರೆ ಟಿಕೇಟ್ ತಕಂಬುದ್ ಯಾರ್? ನಾನೂ ನೀವೂ ತಕಂಡ್ ನಾವೇ ಕಾಂಬುದಾ?"

ಆಗ ನಮ್ಮ ಮನೆಯವರು ಬಾಯಿ ಬಿಟ್ಟರು. ಅಣ್ಣನ ಸುದ್ದಿ ಬರಲೇ ಇಲ್ಲ. ಹೊರಗೆ ಹಾಕಿದರೆ ಜವಳಿಯವರು ತಮ್ಮ ಅಂಗಡಿಯಲ್ಲಿ ಕೂತಿರುತ್ತಾರೆ, ಅವರಿಗೇನೂ ಆಗುವುದಿಲ್ಲ; ಆಟವಿಲ್ಲದ ಕ್ಲಬ್ಬಿನಿಂದ ಸರಕಾರಕ್ಕೂ ಹೋಟೆಲಿನವರಿಗೂ ಏನೂ ಹುಟ್ಟುವುದಿಲ್ಲ. ಅದಕ್ಕೆ ಬೂಟು ಮಾರಲಿ, ಮಾರ್ಚಿನ ಟಿಕೇಟಿನಲ್ಲಿ ಕುಂದಾಪುರದ ಪಾಲು ಮೊದಲು ತೆರಿಗೆಗೆ, ಉಳಿದದ್ದು ಹೋಟೆಲಿಗೆ ಹೋಗಲಿ, ಕುಂದಾಪುರದ ಈ ಕಮಿಟಿಯವರು ಇನ್ನು ಯಾವ ಕ್ಲಬ್ಬಿನ ಕೆಲಸಕ್ಕೂ ಬರಬಾರದು ಎಂದರು.

"ಅದ್ ವಸೂಲಿ ಆಯ್ತ್. ಶಿಕ್ಷೆ ಎಲ್ಲಿತ್ತ್?" ಡ್ರಿಲ್ ಮಾಸ್ಟರು ಬಿಡಲಿಲ್ಲ. "ಅದೇ ಬೂಟಗೆ ಡಿಸೆಂಬರಗೆ ಗೆದ್ದದ್ ಗೆದ್ದೇ ಆಯ್ತಲ್ದಾ?"

ಕೊನೆಗೆ ಗೋಲಿನ ಮಾತು ಬಂತು. ಕುಂದಾಪುರದವರು ಪ್ರತಿ ಆಟವನ್ನೂ ಕೆಲವು ಗೋಲು ಹಿಂದೆ ಇದ್ದು ಶುರು ಮಾಡಬೇಕು. ಡ್ರಿಲ್ ಮಾಸ್ಟರು ಮೂರು ಎಂದರು, ಏಜೆಂಟರು ಒಂದು ಎಂದರು. ಮೀನು ಕೊಳ್ಳುವಾಗಿನ ಹಾಗೆ ಚೌಕಾಸಿಯಾಗಿ ನಮ್ಮ ಮನೆಯವರು ಹೇಳಿದ ಎರಡಕ್ಕೆ ನಿಂತಿತು. ಬೂಟು, ಟಿಕೇಟು, ಕಮಿಟಿಯ ಮಾತೂ ಒಪ್ಪಿಗೆಯಾಯಿತು. ಜವಳಿಯವರು ಚಹಾ ಕುಡಿಯದೆ ಎದ್ದು ಹೋದರು.

ಅಣ್ಣನಿಗೆ ನಾನೇ ಹೋಗಿ ಹೇಳಿದೆ.

"ಆಡುಕಿತ್ತಲ್ದಾ?" ಎಂದು ಕೇಳಿದ.

"ಇತ್ತ್. ಬೂಟ್ ಇಲ್ಲೆ."

"ಬೂಟ್ ತಕಂಡ್ ಹೋಪುಕ್ ಹೇಳ್. ಇನ್ನಾರೂ ನನ್ ಕಿರುಬೆರಳಿಗೆ ಗಾಳಿ ಬರ್ಲಿ."

ಮೊದಲ ಆಟ ಬೈಂದೂರಿನವರ ಮೇಲೆ. ನಮ್ಮವರು ನಾಲ್ಕು ಗೋಲು ಹೊಡೆದು ಒಂದು ಬಿಟ್ಟುಕೊಟ್ಟರು. ದಂಡ ಕಳೆದೂ ಗೆದ್ದರು. ಅದರಲ್ಲಿ ಅಣ್ಣನದು ಎರಡು. ಮಂಡಿ ಮಾರನೆಯ ದಿನ ಕುಂಬಳಕಾಯಿಯ ಹಾಗಾಗಿತ್ತು, ಕಾರ್ಖಾನೆಗೆ ಹೋಗಲಿಲ್ಲ. ಹರಳೆಲೆ ಸಾಲದೆ ಪಕ್ಕದ ಮನೆಯಿಂದ ತಂದೆ.

ಬ್ರಹ್ಮಾವರದವರ ಮೇಲಿನ ಆಟಕ್ಕೆ ನಾನೂ ಹೋದೆ. ಹೆಂಗಸರಿಗೆ ಒಂದು ಮೂಲೆಯಲ್ಲಿ ಬೆಂಚು ಹಾಕಿದ್ದರು. ಎರಡೂ ಕಡೆ ಬರಿಗಾಲು. ಹಲಗೆಯ ಮೇಲೆ ಸುಣ್ಣದಲ್ಲಿ ಆಟಕ್ಕೆ ಮೊದಲೇ ಅವರಿಗೆ ಎರಡು, ನಮಗೆ ಸೊನ್ನೆ ಎಂದು ಬರೆದಿತ್ತು. ನಮ್ಮವರು ಎರಡು ಹೊಡೆದರು. ಎರಡನೆಯದನ್ನು ಅಣ್ಣ ತಲೆಯಲ್ಲಿ ಹೊಡೆದ, ಕಾಲು ಊರಲಾಗದೆ ಅಲ್ಲೇ ಕೂತ, ಎದ್ದ. ಅವರಿಂದ ಒಂದು ಗೋಲಾಯಿತು. ಮೈದಾನದ ಲೆಕ್ಕದಲ್ಲಿ ನಾವು ಗೆದ್ದಿದ್ದೆವು, ಹಲಗೆಯ ಲೆಕ್ಕದಲ್ಲಿ ಮೂರಕ್ಕೆ ಎರಡರಿಂದ ಸೋತೆವು. ಜನ ಸ್ವಲ್ಪ ಗಲಾಟೆ ಮಾಡಿದರು. ಡ್ರಿಲ್ ಮಾಸ್ಟರು ಬಂದು ಅಣ್ಣನ ಕೈ ಹಿಡಿದರು. ಏನು ಹೇಳಿದರೋ ಬೆಂಚಿಗೆ ಕೇಳಿಸಲಿಲ್ಲ. ಜವಳಿಯವರೂ ಬಂದಿದ್ದರು, ಟಿಕೇಟು ತೆಗೆದುಕೊಂಡು, ಹಿಂದಿನ ಸಾಲಿನಲ್ಲಿ.

ಟಿಕೇಟಿನಲ್ಲಿ ನಮ್ಮ ಪಾಲಿಗೆ ಬಂದ ದುಡ್ಡಿನಲ್ಲಿ ತೆರಿಗೆ ಪೂರ್ತಿ ಸಂದಿತು. ಹೋಟೆಲಿನವರಿಗೆ ಅರ್ಧ ಸಿಕ್ಕಿತು. ಊಟ ಮಾಡಿದವರು ಒಬ್ಬರು, ಗೋಲು ಕಳೆದುಕೊಂಡವರು ಇನ್ನೊಬ್ಬರು ಎಂಬುದು ನನಗೆ ಆಗ ಚುಚ್ಚಿತ್ತು, ಈಗಲೂ ಚುಚ್ಚುತ್ತದೆ. ಆದರೆ ಬ್ರಹ್ಮಾವರದವರ ಜಾಗದಲ್ಲಿ ನಿಂತು ಯೋಚಿಸಿದರೆ ಬೇರೆ ಯಾವ ಶಿಕ್ಷೆ ಎಂದು ನನಗೆ ತಿಳಿಯುವುದಿಲ್ಲ.

ಬ್ರಹ್ಮಾವರದವರ ಆಟ ಮುಗಿದ ಸಂಜೆ ಅಣ್ಣ ನಮ್ಮಲ್ಲೇ ಊಟಕ್ಕೆ ಬಂದ. ಮಂಡಿ ಮಡಚಲಾಗದೆ ಕಾಲು ನೀಡಿ ಗೋಡೆಗೆ ಒರಗಿ ಕೂತ. ಅದೇ ಅವನ ಕೊನೆಯ ಆಟ ಎಂಬುದು ಮೂವರಿಗೂ ಗೊತ್ತಿತ್ತು. ಅಣ್ಣನೇ ಮಾತು ತೆಗೆದ.

"ಬಾವ, ಎರಡ್ ಬದ್ಲ್ ಒಂದ್ ಅಂದಿದ್ರೆ ಸಮ ಆತಿತ್ತ್."

"ಒಂದ್ ಅಂದಿದ್ರೆ ಡ್ರಿಲ್ ಮಾಸ್ಟ್ರ್ ಎದ್ದ್ ಹೋತಿದ್ರ್. ಮತ್ತೆ ವರ್ಷದ್ದೇ ಶಿಕ್ಷೆ."

ಅಣ್ಣ ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗಿಟ್ಟ.

"ಅದೂ ಹೌದೇ," ಎಂದ. ತಟ್ಟೆಯನ್ನು ನನ್ನ ಕಡೆ ಸರಿಸಿ, ಇನ್ನೊಂದು ಸೌಟು ಅನ್ನ ಕೇಳಿದ.