ದೊಡ್ಡಮ್ಮನ ಬಾಟಲಿ ಹಿಡಿದು ಕ್ರಿಸ್ಮಸ್ಸಿಗೆ

ಹೊಸನಗರದ ಬಸ್ ನಿಲ್ದಾಣದಲ್ಲಿ ಆ ಬೆಳಗಿನ ಜಾವ ನಾವು ಐದು ಜನ ಇದ್ದೆವು. ಸಾಗರದ ಹಾಸ್ಟೆಲಿನಿಂದ ಬಸ್ಸು ಹತ್ತಿ ಬಂದವರು ಮೂವರು: ನಾನು, ವರದಮೂಲದವಳು, ಅರಳಸುರಳಿಯವಳು. ಹಾಸ್ಟೆಲಿನಲ್ಲಿ ಎಲ್ಲರನ್ನೂ ಊರಿನ ಹೆಸರಿನಿಂದಲೇ ಕರೆಯುವ ರೂಢಿ. ನಮ್ಮನ್ನು ಕಾಯುತ್ತ ಮಂಜಿನಲ್ಲಿ ನಿಂತಿದ್ದವರು ಇಬ್ಬರು: ನನ್ನ ದೊಡ್ಡಪ್ಪ, ಮತ್ತು ಕಿವಿ ಬಾಯಿ ಎರಡೂ ಮುಚ್ಚುವ ಹಾಗೆ ಟವೆಲು ಸುತ್ತಿಕೊಂಡ ದೊಡ್ಡಮ್ಮ. ಕಂಡಕ್ಟರು ಚಾ ಕುಡಿದು ಬರುವಷ್ಟು ಹೊತ್ತು ಮಾತ್ರ ಬಸ್ಸು ನಿಲ್ಲುವುದು.

ಅವತ್ತು ಕ್ರಿಸ್ಮಸ್. ಮಂಗಳೂರಿನ ಕ್ರಿಸ್ಮಸ್ ನೋಡಬೇಕು ಎಂದು ನಾವು ದೀಪಾವಳಿಯಿಂದ ಮಾತಾಡಿಕೊಂಡಿದ್ದೆವು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಆಧಾರ್ ಕಾರ್ಡು ತೋರಿಸಿದರೆ ಸಾಕು. ಬೆಳಿಗ್ಗೆ ಹೋಗಿ ಸಂಜೆ ಬಸ್ಸಿಗೆ ಹೊರಟರೆ ಉಳಿಯುವ ಖರ್ಚೂ ಇಲ್ಲ. ಬುತ್ತಿ ಕಟ್ಟಿಕೊಂಡರೆ ಹೋಟೆಲಿನ ಖರ್ಚೂ ಇಲ್ಲ.

ನಮ್ಮ ಕಡೆ ಯಾರಾದರೂ ಪೇಟೆಗೆ ಹೊರಟರೆ ಸುಮ್ಮನೆ ಬರಿಗೈಯಲ್ಲಿ ಹೋಗಲು ಬಿಡುವುದಿಲ್ಲ. 'ಹೋಗ್ತೀಯಲ್ಲ, ಇದನ್ನೂ ತಗಂಡು ಹೋಗು' ಎಂದು ಮಿಕ್ಸಿ ಜಾರೋ, ಕನ್ನಡಕವೋ ಕೈಗೆ ಬರುತ್ತದೆ. ನನ್ನ ಕೈಗೆ ಬಂದದ್ದು ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿ. ಅದರೊಳಗೆ ನೀರಿನಂಥ ಔಷಧಿ. ಔಷಧಿಯ ತಳದಲ್ಲಿ ಅವರೆಕಾಳಿನ ಸಿಪ್ಪೆಯಷ್ಟು, ಬಣ್ಣ ಬಿಟ್ಟ ಒಂದು ತುಣುಕು. ಹಿಂದಿನ ದಿನ ಹೊಸನಗರದ ಹಲ್ಲಿನ ಡಾಕ್ಟರು ದೊಡ್ಡಮ್ಮನ ಎಡಗೆನ್ನೆಯ ಒಳಗಿನಿಂದ ಕುಯ್ದು ತೆಗೆದದ್ದು. ಮಳೆಗಾಲದಲ್ಲಿ ಎದ್ದ ಹುಣ್ಣು ಒಣಗಿರಲಿಲ್ಲ. ಜೀವಮಾನವೆಲ್ಲ ಕವಳ ಹಾಕಿದ ಬಾಯಿ. ಹುಣ್ಣು ಎದ್ದ ಮೇಲೆ ಎಲೆ ಅಡಿಕೆ ಬಿಟ್ಟಿದ್ದಳು, ಆದರೆ ಅಷ್ಟರಲ್ಲಿ ಬಾಯಿ ಬಿಗಿಯುತ್ತ ಬಂದಿತ್ತು. ಮಂಗಳೂರಿನ ಲ್ಯಾಬಿನಲ್ಲಿ ಪರೀಕ್ಷೆ ಆಗಬೇಕು, ಹೋಗುವವರಿದ್ದರೆ ಕೈಯಲ್ಲೇ ಕಳಿಸಿ ಎಂದಿದ್ದರು ಡಾಕ್ಟರು.

ನನಗೆ ಮಾತು ಕಲಿಸಿದವಳು ಈ ದೊಡ್ಡಮ್ಮ. ಅಮ್ಮ ಗದ್ದೆ ಕೆಲಸಕ್ಕೆ ಹೋದಾಗ ನಾನು ಬೆಳೆದದ್ದು ಅವಳ ಸೊಂಟದ ಮೇಲೆ. ಯಾರನ್ನೂ ಅವಳು ಬರೀ ಹೆಸರಿನಿಂದ ಬಿಟ್ಟವಳಲ್ಲ. ನಿಧಾನ ನಡೆಯುವ ಮೇಷ್ಟ್ರನ್ನು ಕಂಡರೆ, 'ಅವರ ನೆರಳು ಆಗಲೇ ಮನೆ ಮುಟ್ಟಿ ಕೈಕಾಲು ತೊಳ್ಕಂಡದೆ' ಎನ್ನುತ್ತಿದ್ದಳು. ಅಡಿಕೆ ಸುಲಿಯುವ ಕೆಲಸಕ್ಕೆ ಅವಳು ಬರುತ್ತಾಳೆ ಎಂದರೆ ಉಳಿದ ಹೆಂಗಸರು ತಾವಾಗಿ ಬರುತ್ತಿದ್ದರು. ಅಂಥವಳು ಈಗ ಟವೆಲಿನ ಹಿಂದಿನಿಂದ, ಹಲ್ಲು ಕಚ್ಚಿಕೊಂಡವಳ ಹಾಗೆ ಮಾತಾಡಿದಳು.

"ಒಂದ್ಸಲ ಕುಯ್ಸ್ಕಂಡೆ. ಇನ್ನೊಂದ್ಸಲ ಆ ಡಾಕ್ಟ್ರ ಮೆಟ್ಲು ನಾ ಹತ್ತದಿಲ್ಲ. ಬಾಟ್ಲಿ ತಲುಪದಿದ್ರೆ ಅಷ್ಟೇ, ಹುಣ್ಣು ನಂದು, ನಾನೇ ಇಟ್ಕತೀನಿ."

"ಅವ್ಳು ಹೇಳಿದ್ರೆ ಹಂಗೇ ಮಾಡೋಳು, ಗೊತ್ತಲ್ಲ ನಿಂಗೆ" ಎಂದರು ದೊಡ್ಡಪ್ಪ. "ಜೋಪಾನ, ಮಗಾ."

ಬಾಟಲಿಯ ಜೊತೆ ಬಾಳೆಲೆಯಲ್ಲಿ ಕಟ್ಟಿದ ಕಡುಬಿನ ಗಂಟೂ ಬಂತು. ಬಾಯಿ ಕುಯ್ಸಿಕೊಂಡವಳು ಕೋಳಿ ಕೂಗುವ ಮೊದಲೇ ಎದ್ದು ಬೇಯಿಸಿದ್ದಳು.

ಘಾಟಿಯ ತಲೆಯಲ್ಲಿ ಅಮ್ಮನವರ ಗುಡಿಯ ಮುಂದೆ ಬಸ್ಸು ನಿಂತಿತು. ಎಲ್ಲರ ಹಾಗೆ ನಾನೂ ಇಳಿದು ಕೈಮುಗಿದೆ. ಬ್ಯಾಗನ್ನು ಎದೆಗೆ ಅವಚಿಕೊಂಡೇ ಇದ್ದೆ. ತಿರುವುಗಳಲ್ಲಿ ಅರಳಸುರಳಿಯವಳು ಕಿಟಕಿಯಿಂದ ಹೊರಗೆ ವಾಂತಿ ಮಾಡಿದಳು. ವರದಮೂಲದವಳು ಬೆನ್ನು ತಿಕ್ಕುತ್ತ, "ಮಂಗ್ಳೂರಿಗೆ ಹೋಗಿ ಕೇಕ್ ತಿನ್ನೋಕೆ ಜಾಗ ಮಾಡ್ಕತಾ ಇದಾಳೆ" ಎಂದಳು. ಕುಂದಾಪುರ ದಾಟಿದ ಮೇಲೆ ಸೆಖೆ ಹತ್ತಿತು. ಮಾಂಸ ಕೆಟ್ಟುಹೋದರೆ ಎಂದು ನನಗೆ ಹೆದರಿಕೆ. ಕರ್ಚೀಫು ಒದ್ದೆ ಮಾಡಿ ಬಾಟಲಿಗೆ ಸುತ್ತಿದೆ.

ಲ್ಯಾಬಿನ ಶಟರು ಎಳೆದಿತ್ತು. ಅದರ ಮೇಲೆ ಕೆಂಪು ಕಾಗದದ ನಕ್ಷತ್ರವೊಂದು ನೇತಾಡುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ವಯಸ್ಸಾದ ಕಾವಲುಗಾರ ನಮ್ಮನ್ನು ನೋಡಿ, "ಇವತ್ತು ಲ್ಯಾಬ್ ಬಂದ್. ಕ್ರಿಸ್ಮಸ್ ಅಲ್ವಾ?" ಎಂದರು.

"ಗೊತ್ತು. ಕ್ರಿಸ್ಮಸ್ ನೋಡಕ್ಕೇ ಬಂದಿದ್ದು" ಎಂದಳು ವರದಮೂಲದವಳು.

"ಮತ್ತೆ?"

 ನಮ್ಮ ಕಡೆ ಕ್ರಿಸ್ಮಸ್ ಎಂದರೆ ಕಾಲೇಜಿಗೆ ರಜೆ, ಬ್ಯಾಂಕಿಗೆ ರಜೆ, ಬೇಕರಿಯ ಗಾಜಿನ ಹಿಂದೆ ಒಂದು ಕೇಕು. ಮಿಕ್ಕವರ ಬಾಗಿಲು ತೆರೆದೇ ಇರುತ್ತದೆ. ಹಬ್ಬ ನೋಡಲೆಂದೇ ಹೊರಟ ನಮಗಾಗಲಿ, ಕಳಿಸಿದ ದೊಡ್ಡಪ್ಪನಿಗಾಗಲಿ, ಹಬ್ಬ ಮಾಡುವ ಊರಿನಲ್ಲಿ ಅವತ್ತು ಜನ ಹಬ್ಬ ಮಾಡುತ್ತಿರುತ್ತಾರೆ ಎಂಬುದು ಹೊಳೆದಿರಲಿಲ್ಲ.

ಹೊಸನಗರದ ಡಾಕ್ಟರಿಗೆ ಫೋನು ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು.

"ನನ್ನ ಹತ್ರ ಇಟ್ಟು ಹೋಗಿ" ಎಂದರು ಕಾವಲುಗಾರ. "ನಾಳೆ ಬಂದವರಿಗೆ ಕೊಡ್ತೇನೆ."

ಒಳ್ಳೆಯ ಮನುಷ್ಯ, ಸುಳ್ಳು ಹೇಳುವ ಮುಖವಲ್ಲ. ಆದರೆ ಅವರ ಕುರ್ಚಿಯ ಕೆಳಗೆ ಊಟದ ಡಬ್ಬಿ, ನೀರಿನ ಬಾಟಲಿ, ಸೀಮೆಎಣ್ಣೆಯ ಬಾಟಲಿ ಸಾಲಾಗಿದ್ದವು. ಅದರ ಪಕ್ಕದಲ್ಲಿ ದೊಡ್ಡಮ್ಮನ ಬಾಟಲಿಯನ್ನು ಇಟ್ಟು ನೋಡಿಕೊಂಡೆ, ಮನಸ್ಸಿನಲ್ಲಿ. ಆಗುವುದಿಲ್ಲ ಎಂದೆ.

"ಹಾಗಾದ್ರೆ ಸಂಜೆ ಬನ್ನಿ. ಮೇಡಂ ಒಬ್ರು ಮೆಷಿನ್ ನೋಡ್ಲಿಕ್ಕೆ ಬರುವುದುಂಟು. ಬಂದ್ರೆ ಬಂದ್ರು, ಇಲ್ಲದಿದ್ರೆ ಇಲ್ಲ. ಎಂತ ಹೇಳುವುದು, ಹಬ್ಬ ಅಲ್ವಾ?"

ಸಂಜೆ ನಮ್ಮ ಕಡೆಗೆ ಇದ್ದ ಸರ್ಕಾರಿ ಬಸ್ಸು ಒಂದೇ.

ಹಾಗೆ ಬಾಟಲಿ ಹಿಡಿದುಕೊಂಡೇ ಕ್ರಿಸ್ಮಸ್ ನೋಡಿದೆವು. ದೊಡ್ಡ ಮಾಲ್ ಒಂದರ ಬಾಗಿಲಲ್ಲಿ ಆಕಾಶದೆತ್ತರದ ಮರ ನಿಲ್ಲಿಸಿದ್ದರು. ಹೆಂಗಸರ ಸಾಲಿನಲ್ಲಿ ಬ್ಯಾಗು ನೋಡುವ ಹುಡುಗಿ ನನ್ನ ಬ್ಯಾಗಿಗೆ ಕೈ ಹಾಕಿ ಒದ್ದೆ ಕರ್ಚೀಫು ಎಳೆದಳು.

"ಇದೆಂತದು ಬಾಟ್ಲಿ?"

"ಔಷಧಿ" ಎಂದೆ.

"ಒಳಗೆ ಎಂತದೋ ತೇಲ್ತಾ ಉಂಟಲ್ಲ" ಎಂದು ಅವಳು ಮುಚ್ಚಳಕ್ಕೆ ಕೈ ಹಾಕಿದಳು.

"ತೆಗೀಬೇಡಿ! ಅದು ನಮ್ ದೊಡ್ಡಮ್ಮ!"

ನನ್ನ ಬಾಯಿಂದ ಅದು ಹೇಗೆ ಬಂತೋ. ಅವಳು ಕೆಂಡ ಮುಟ್ಟಿದವಳ ಹಾಗೆ ಕೈ ಹಿಂದೆಗೆದಳು. ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ವರದಮೂಲದವಳು, "ದೊಡ್ಡಮ್ಮಂಗೂ ಟಿಕೆಟ್ ಇಲ್ಲ ಬಿಡಿ, ಆಧಾರ್ ಕಾರ್ಡ್ ಇದೆ" ಎಂದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತ ಅರಳಸುರಳಿಯವಳು ಅಳುತ್ತಿದ್ದಾಳೆ ಎಂದು ಗೊತ್ತಾಯಿತು. ಅವಳ ಅಜ್ಜ ಹೋದದ್ದು ಇದೇ ಬಾಯಿ ಹುಣ್ಣಿನಿಂದ. ಅಲ್ಲಿಯವರೆಗೆ ಅವಳು ಅದನ್ನು ಹೇಳಿರಲಿಲ್ಲ.

ಚರ್ಚಿನ ಅಂಗಳದಲ್ಲಿ ಹುಲ್ಲು ಹೊದಿಸಿದ ಗೋದಲಿ, ಅದರೊಳಗೆ ಮಣ್ಣಿನ ದನಕರು, ಮಗು. ಹೊಸ ಬಟ್ಟೆಯ ಜನ. "ಬ್ಯಾಗ್ ಅದ್ರ ಮುಂದೆ ಒಂದ್ಗಳಿಗೆ ಇಡೇ, ಯಾವ ದೇವ್ರಾದ್ರೆ ಎಂತ" ಎಂದಳು ಅರಳಸುರಳಿಯವಳು. ಇಟ್ಟೆ. ಆಮೇಲೆ ಯಾರೂ ಏನೂ ನೋಡೋಣ ಎನ್ನಲಿಲ್ಲ. ಲ್ಯಾಬಿನ ಮೆಟ್ಟಿಲಿಗೆ ವಾಪಸು ಬಂದು ಕಡುಬು ಬಿಚ್ಚಿದೆವು. ಕಾವಲುಗಾರರಿಗೂ ಕೊಟ್ಟೆವು. ಗೆಳತಿಯರಿಬ್ಬರಿಗೂ ಹೇಳಿದೆ, "ನೀವು ಬಸ್ಸಿಗೆ ಹೋಗ್ರೇ. ನಾ ಕಾಯ್ತೀನಿ."

"ಬಾಯ್ಮುಚ್ಕಂಡು ತಿನ್ನು" ಎಂದಳು ವರದಮೂಲದವಳು.

ಬಿಸಿಲು ಇಳಿಯುತ್ತ ಬಂದಾಗ ಸ್ಕೂಟರಿನಲ್ಲಿ ರೇಷ್ಮೆ ಸೀರೆಯ ಹೆಂಗಸೊಬ್ಬರು ಬಂದು ನಿಂತರು. ಶಟರು ಅರ್ಧ ಎತ್ತಿ ನನ್ನನ್ನು ಒಳಗೆ ಕರೆದರು. ಕರ್ಚೀಫು ಬಿಚ್ಚಿ, "ಈ ಔಷಧಿಯಲ್ಲಿ ಇದ್ದರೆ ಕೆಡುವುದಿಲ್ಲ, ಹೆದರಬೇಡಿ" ಎಂದರು. ಡಾಕ್ಟರ ಚೀಟಿ ಓದಿದರು.

"ಬಾಯಿ ಎಷ್ಟು ಬೆರಳು ತೆರೀತಾರೆ?"

"ಒಂದು. ಕಷ್ಟಪಟ್ರೆ."

"ಎಲೆ ಅಡಿಕೆ ತಿಂತಾರಾ?"

"ನಮ್ ಕಡೆ ತಿನ್ನದವ್ರು ಯಾರು ಮೇಡಂ?" ಎಂದಳು ಬಾಗಿಲಲ್ಲಿ ನಿಂತಿದ್ದ ವರದಮೂಲದವಳು.

ಅವರು ಬಾಟಲಿಗೆ ನಂಬರು ಅಂಟಿಸಿ ಫ್ರಿಜ್ಜಿನ ಪಕ್ಕದ ಕಪಾಟಿನಲ್ಲಿಟ್ಟರು. ಅಲ್ಲಿ ಅಂಥದೇ ಬಾಟಲಿಗಳು ಮೇಲಿನಿಂದ ಕೆಳಗಿನವರೆಗೆ ಇದ್ದವು.

"ಎಂತ ಆಗಿರಬಹುದು ಮೇಡಂ?"

"ನಾನು ಹೇಳುವ ಹಾಗಿಲ್ಲ" ಎಂದರು. ಆಮೇಲೆ ಹೊರಗೆ ಬಂದು ಸ್ಕೂಟರಿನ ಡಿಕ್ಕಿಯಿಂದ ಕೇಕಿನ ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟರು. "ಮೆತ್ತಗಿದೆ. ಹಾಲಿನಲ್ಲಿ ಅದ್ದಿ ಕೊಡಿ ಅವರಿಗೆ." ನನ್ನ ಮುಖ ನೋಡಲಿಲ್ಲ.

ಓಡಿ ಹೋಗಿ ಬಸ್ಸು ಹಿಡಿದೆವು. ಊರೆಲ್ಲ ನಕ್ಷತ್ರದೀಪ ಹತ್ತಿದ್ದನ್ನು ಕಂಡದ್ದು ಬಸ್ಸಿನ ಕಿಟಕಿಯಿಂದ. ದೊಡ್ಡಪ್ಪನಿಗೆ ಫೋನು ಮಾಡಿ, ಕೊಟ್ಟೆ ಎಂದೆ. "ಕೊಟ್ಯಾ? ಕೊಟ್ಲಂತೆ ಕಣೇ" ಎಂದು ಅವರು ಆಚೆ ಹೇಳಿದ್ದು ಕೇಳಿಸಿತು. ಆ ಕಡೆಯಿಂದ ಕಚ್ಚಿದ ಹಲ್ಲಿನ ದನಿ: "ದೀಪ ನೋಡಿದ್ಲಾ ಕೇಳಿ." ನೋಡಿದೆ ಎಂದೆ.

ಹೊಸ ವರ್ಷದ ಮೊದಲ ವಾರ ರಿಪೋರ್ಟು ಬಂತು. ಡಾಕ್ಟರು ದೊಡ್ಡಪ್ಪನನ್ನು ಒಬ್ಬರನ್ನೇ ಒಳಗೆ ಕರೆದರಂತೆ. ದೊಡ್ಡಮ್ಮ ಹಿಂದೆಯೇ ನುಗ್ಗಿ, "ಬಾಯಿ ನಂದು, ಸುದ್ದಿ ಇವ್ರಿಗಾ?" ಎಂದು ಕೇಳಿದಳಂತೆ. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಬಾಟ್ಲಿ ಅಷ್ಟು ದೂರ ಹೋಯ್ತು, ಇನ್ನು ನಾನೂ ಹೋಗೋದೇ ಸೈ" ಎಂದಳು. ಆಪರೇಷನ್ನಿಗೆ ಹೊರಡುವ ಹಿಂದಿನ ವಾರ ದೊಡ್ಡಪ್ಪನ ಫೋನು ಅವಳ ಕೈಯಲ್ಲೇ ಇತ್ತು. ಮಂಡಗದ್ದೆಯ ನಾದಿನಿ, ತೀರ್ಥಹಳ್ಳಿಯ ಬಳೆ ಅಂಗಡಿಯವಳು, ಮಾತು ಬಿಟ್ಟಿದ್ದ ಅವಳ ಸ್ವಂತ ತಂಗಿ, ಎಲ್ಲರ ಜೊತೆಗೂ ಬಿಗಿದ ಬಾಯಲ್ಲೇ ಮಾತಾಡಿದಳು. ನನಗೆ ದಿನಾ ಫೋನು ಮಾಡಿದಳು. ಆಪರೇಷನ್ನಿನ ಸುದ್ದಿ ಎತ್ತಲಿಲ್ಲ, ಊರವರ ಸುದ್ದಿ ಹೇಳಿದಳು.

ಆಪರೇಷನ್ ಮಂಗಳೂರಿನಲ್ಲೇ ಆಯಿತು. ಎಡಗೆನ್ನೆ, ಎಡದವಡೆ, ನಾಲಿಗೆಯ ಒಂದು ಪಾಲು ತೆಗೆದರು. ತೊಡೆಯ ಮಾಂಸ ತಂದು ಕೆನ್ನೆಗೆ ಹೊಲಿದರು. ಮೂಗಿನ ಕೊಳವೆ ತೆಗೆದ ದಿನ ನಾನು ಅಲ್ಲಿದ್ದೆ. ನರ್ಸು ಕೊಟ್ಟ ಗಂಜಿತಿಳಿ ಕುಡಿದಳು, ಅರ್ಧ ಎದೆಯ ಮೇಲೆ ಚೆಲ್ಲಿತು. ಆಮೇಲೆ ನನ್ನ ಕಡೆ ತಿರುಗಿ ಏನೋ ಹೇಳಿದಳು. ಅರ್ಥವಾಗಲಿಲ್ಲ. ಮತ್ತೆ ಹೇಳಿದಳು. ದೊಡ್ಡಪ್ಪನಿಗೂ ಅರ್ಥವಾಗಲಿಲ್ಲ. ಮೂರನೇ ಸಲ ಹೇಳಲಿಲ್ಲ, ಗೋಡೆಯ ಕಡೆಗೆ ಹೊರಳಿ ಮಲಗಿದಳು.