ಹನ್ನೊಂದು ವರ್ಷದ ಬಿಲ್ಲೆ

ವೆಸ್ಟ್ ವರ್ಜೀನಿಯಾದ ಗಣಿ ಊರೊಂದರ ಶಾಲೆಯಲ್ಲಿ ಅಡುಗೆ ಮಾಡುವ ವರ್ಲೀನ್‌ಗೆ ಐವತ್ತೆಂಟು. ಬಾಯಿ ಜೋರು, ಮನಸ್ಸು ಅಂಜುಬುರುಕ. ಅಂಜಿಕೆಗೆ ಕಾರಣವೂ ಇತ್ತೆನ್ನಿ. ಹಿಂದೊಮ್ಮೆ ಬೆನ್ನುನೋವಿಗೆಂದು ಡಾಕ್ಟರು ಬರೆದುಕೊಟ್ಟ ಅಫೀಮಿನ ಜಾತಿಯ ಮಾತ್ರೆ ಅವಳ ಮನೆ, ಗಂಡ, ಬಾಯಲ್ಲಿದ್ದ ಅರ್ಧ ಹಲ್ಲು ಎಲ್ಲವನ್ನೂ ನುಂಗಿ ನೀರು ಕುಡಿದಿತ್ತು. ಬಿಟ್ಟು ಈಗ ಹನ್ನೊಂದು ವರ್ಷ. ಚಟ ಬಿಟ್ಟವರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ವಾರಕ್ಕೊಮ್ಮೆ ಸೇರುತ್ತಾರೆ. ಪ್ರತಿ ವರ್ಷ ತುಂಬಿದಾಗಲೂ ಆ ವರ್ಷದ ಲೆಕ್ಕ ಕೆತ್ತಿದ ಒಂದು ಕಂಚಿನ ಬಿಲ್ಲೆ ಕೊಡುತ್ತಾರೆ. ಎಡವಿದವರು ಬಿಲ್ಲೆ ಹಿಂದಿರುಗಿಸಿ ಮೊದಲ ದಿನದಿಂದ ಎಣಿಸಬೇಕು. ವರ್ಲೀನ್ ಅಂದಿನಿಂದ ತಲೆನೋವಿಗೂ ಮಾತ್ರೆ ಮುಟ್ಟಿದವಳಲ್ಲ.

ಆ ಸೋಮವಾರ ಅಡುಗೆಮನೆಯಲ್ಲಿ ಚೆಲ್ಲಿದ ಗ್ರೇವಿಯ ಮೇಲೆ ಜಾರಿ ಬಿದ್ದು ಎಡ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ, "ಆ ಮಾತ್ರೆ ಕೊಟ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ" ಎಂದು ಕಿರುಚಿದಳು.

"ಅದ್ಯಾವ್ದೂ ಬೇಡಮ್ಮ. ಭುಜದ ಹತ್ರ ನರಕ್ಕೊಂದು ಸೂಜಿ ಹಾಕ್ತೀವಿ, ಕೈ ಮರಗಟ್ಟುತ್ತೆ ಅಷ್ಟೇ," ಎಂದಳು ನರ್ಸ್.

ಸ್ವಲ್ಪ ಹೊತ್ತಿಗೇ ನೋವು ಮಾಯ. ವರ್ಲೀನ್‌ಗೆ ಗೊತ್ತಿದ್ದಂತೆ ಇಂಥ ನೋವು ಹೋಗುವ ದಾರಿ ಒಂದೇ, ಆ ಅಫೀಮು. ಸೂಜಿಯಲ್ಲಿ ಅದನ್ನೇ ಕೊಟ್ಟು ಮೋಸ ಮಾಡಿದರೇ? ಹಾಗಾದರೆ ಆ ಹಳೆಯ ಬೆಚ್ಚನೆಯ ಅಮಲೆಲ್ಲಿ? ತಲೆ ನೆಟ್ಟಗಿದೆ, ಹಸಿವಾಗುತ್ತಿದೆ, ನರ್ಸ್ ಮೇಲೆ ಸಿಟ್ಟೂ ಬರುತ್ತಿದೆ. ಮೂಳೆ ಕೂಡಿಸಿ, ಪಟ್ಟಿ ಕಟ್ಟಿ, ಸಾದಾ ನೋವಿನ ಮಾತ್ರೆ ಕೊಟ್ಟರು. ಮರಗಟ್ಟಿದ್ದು ಇಳಿಯುವ ಮುಂಚೆಯೇ ತಗೊಳ್ಳಿ ಅಂದದ್ದನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಬೆಳಗಾಗುತ್ತಲೇ ಓಪಲಳ ಮನೆಗೆ ಹೋದಳು. ಚರ್ಚಿನ ಆ ಕೂಟದಲ್ಲಿ ಇವಳ ಕೈಹಿಡಿದು ನಡೆಸಿದವಳು ಆ ಎಪ್ಪತ್ತರ ಮುದುಕಿಯೇ. ಬಿಸ್ಕತ್ತಿನ ತಟ್ಟೆಯ ಪಕ್ಕ ಬಿಲ್ಲೆ ಇಟ್ಟಳು.

"ತಗೋ ಓಪಲಕ್ಕ. ನಾನು ಕೆಟ್ಟೆ."

"ಏನು ನುಂಗಿದೆ?"

"ಏನೂ ಇಲ್ಲ. ಆದ್ರೆ ನೋವೇ ಇಲ್ಲ!"

"ನೋವಿಲ್ಲ ಅಂತ ಅಳೋ ಕತ್ತೇನ ಇವತ್ತೇ ನೋಡಿದ್ದು ಕಣೇ. ಹಲ್ಲು ಕೀಳಿಸ್ದಾಗ ದವಡೆ ಮರಗಟ್ಟಿತ್ತಲ್ಲ? ಅದರಣ್ಣ ಇದು."

"ಹಂಗಂತ ಅವರಂದ್ರು. ಅವತ್ತು ಬೆನ್ನಿಗೆ ಮಾತ್ರೆ ಬರ್ಕೊಟ್ಟಾಗ್ಲೂ ಏನೂ ಆಗಲ್ಲ ಅಂತಾನೇ ಅಂದಿದ್ರು."

ಓಪಲ್ ಲೋಟ ತಂದಿಟ್ಟಳು. ಕಾಫಿ ಬಗ್ಗಿಸುವಷ್ಟರಲ್ಲಿ ವರ್ಲೀನ್‌ಳ ಬೆರಳು ಜುಮ್ಮೆಂದವು. ಆಮೇಲೆ ಮಣಿಕಟ್ಟಿನಲ್ಲಿ ಕೊಡಲಿಯೇಟು.

"ಅಯ್ಯಯ್ಯೋ, ಬಂತು! ಅಕ್ಕಾ, ನೋವು ಬಂತು!" ಅಳುತ್ತಲೇ ನಗತೊಡಗಿದಳು. ಕೈ ಮರಗಟ್ಟಿತ್ತಷ್ಟೇ, ಹನ್ನೊಂದು ವರ್ಷ ಎಲ್ಲೂ ಹೋಗಿರಲಿಲ್ಲ.

ಓಪಲ್ ಇವಳ ಚೀಲದಿಂದ ಆಸ್ಪತ್ರೆಯ ಸಾದಾ ಮಾತ್ರೆಯ ಡಬ್ಬಿ ತೆಗೆದು, ಅಫೀಮಿನದೇನೂ ಇಲ್ಲವೆಂದು ತಿಳಿಯಲಿ ಅಂತ ಮೇಲಿದ್ದುದನ್ನು ಗಟ್ಟಿಯಾಗಿ ಎರಡು ಸಲ ಓದಿ ಹೇಳಿ, ಒಂದನ್ನು ಅಂಗೈಯಲ್ಲಿಟ್ಟು ಚಾಚಿದಳು. ವರ್ಲೀನ್ ಡಬ್ಬಿಯನ್ನು ಅವಳ ಕಡೆಗೇ ತಳ್ಳಿದಳು. "ಡಬ್ಬಿ ನಿನ್ನ ಹತ್ರಾನೇ ಇರ್ಲಿ," ಎಂದಳು. ಮೊದಲು ಬಿಲ್ಲೆಯನ್ನೆತ್ತಿ ಜೇಬಿಗೆ ಹಾಕಿಕೊಂಡಳು. ಆಮೇಲೆ ಮಾತ್ರೆ ತಗೊಂಡಳು.