ತಳದ ಅಂತಸ್ತಿನ ದನಿ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಗುಡುಗಕ್ಕ ಎನ್ನುತ್ತಿದ್ದರು. ಹಗಲೆಲ್ಲ ಹಬೆಯ ಇಸ್ತ್ರಿ ಯಂತ್ರಕ್ಕೆ ಹಾಸಿಗೆ ಬಟ್ಟೆ ಕೊಡುತ್ತ ನಿಂತಿರುವ ಈ ಹೆಂಗಸು ಮಾತಾಡಿದರೆ ಪಕ್ಕದವರಿಗೂ ಕೇಳಿಸದು. ರಜೆಯ ದಿನ ಟೈರ್ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಮೈಕ್ ಹಿಡಿದು ಗರ್ಜಿಸಿದಳೋ, ಬೀದಿನಾಯಿಗಳು ಬಾಲ ಮುದುರಿಕೊಳ್ಳಬೇಕು. ಆ ಸಂಗೀತಕ್ಕೆ ಮೆಟಲ್‌ಕೋರ್ ಅಂತ ಹೆಸರು. ಗಿಟಾರು ಗುದ್ದುತ್ತದೆ, ಡ್ರಮ್ಮು ಒದೆಯುತ್ತದೆ, ಹಾಡುವವರು ಕಿರುಚುತ್ತಾರೆ. "ಕಿರುಚೋದನ್ನೂ ಕಲೀಬೇಕಾ" ಎಂದು ಮೂಗು ಮುರಿಯುವವರಿದ್ದಾರೆ. ಕಲಿಯಬೇಕು ಸ್ವಾಮಿ. ಗಂಟಲು ಹರಿಯದಂತೆ ಕಿರುಚಲು ಅವಳಿಗೆ ವರ್ಷಗಳೇ ಹಿಡಿದವು.

ಅವಳ ಅಪ್ಪ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದವರು. ಹೊಲಿಗೆ ಬಿಟ್ಟ ಹಳೆಯ ಪುಸ್ತಕ ಬಂದರೆ, ಸೂಜಿ ಹಿಡಿಯುವ ಮೊದಲು ಬಿಡಿ ಹಾಳೆಗಳನ್ನೇ ಮಗಳಿಗೆ ಓದಿ ಹೇಳುತ್ತಿದ್ದರು. ಅದರಲ್ಲೂ ಹಳಬರು ನರಕದ ಬಗ್ಗೆ ಬರೆದ ಕಾವ್ಯಗಳೆಂದರೆ ಅವರಿಗೆ ಪ್ರಾಣ. ಇಳಿದಂತೆಲ್ಲ ಒಂದೊಂದು ಅಂತಸ್ತು, ಅಂತಸ್ತಿಗೊಂದು ಪಾಪ. ಎಲ್ಲಕ್ಕಿಂತ ಕೆಳಗೆ, ನಂಬಿದವರ ಕುತ್ತಿಗೆ ಕೊಯ್ದವರು. ಅಲ್ಲಿ ಕೂಗಿದರೆ ಕೇಳುವವರೂ ಇಲ್ಲ. ಮಗಳು ನಡುಗುತ್ತಲೇ "ಮುಂದೆ?" ಎನ್ನುತ್ತಿದ್ದಳು. ಅದೇ ಅಪ್ಪ ದೊಡ್ಡವಳಾದ ಮಗಳ ಹಾಡನ್ನು ಮೊದಲ ಸಲ ಕೇಳಿದಾಗ, "ಅಷ್ಟೆಲ್ಲ ಓದಿ ಹೇಳಿದ್ದು ಇದಕ್ಕೇನಮ್ಮಾ?" ಎಂದು ಎದ್ದು ಹೋದರು. ಆಮೇಲೆ ತಂದೆ ಮಗಳ ನಡುವೆ ಹಾಡಿನ ಸುದ್ದಿಯೇ ಬರಲಿಲ್ಲ.

ಹಟಕ್ಕೆ ಬಿದ್ದು ಅವಳು ಆ ನರಕವನ್ನೇ ಆಲ್ಬಮ್ ಮಾಡಲು ಹೊರಟಳು. ಹಾಡಿಗೊಂದು ಅಂತಸ್ತು, ಮೇಲಿನಿಂದ ತಳದ ತನಕ. ಅಪ್ಪ ಕೇಳಬೇಕು, ಇದು ತಾನು ಓದಿ ಹೇಳಿದ್ದೇ ಎಂದು ಗುರುತಿಸಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ. ಕೆಲಸ ಅರ್ಧವಾಗುವಷ್ಟರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತು ಹೋಯಿತು. ತಿಳಿವಳಿಕೆ ಮಾತ್ರ ಹಾಗೇ ಉಳಿಯಿತು, ಹಾಳಾದ್ದು ಅದಾದರೂ ಮಬ್ಬಾಗಿದ್ದರೆ ಸಂಕಟ ಕಡಿಮೆಯಿರುತ್ತಿತ್ತೋ ಏನೋ. ಏನು ಹೇಳಹೊರಟರೂ ಗಂಟಲಿನಿಂದ ಒಂದೇ ಉದ್ದನೆಯ ದನಿ ಹೊರಡುತ್ತಿತ್ತು. ಹಗಲು ಚಿಕ್ಕಮ್ಮ ಬಂದು ನೋಡಿಕೊಳ್ಳುತ್ತಿದ್ದಳು, ಸಂಜೆ ಮಗಳು.

ಗುಡುಗಕ್ಕನ ಬ್ಯಾಂಡಿನವರಿಗೊಂದು ಚಾಳಿ. ಕಿವಿಗೆ ಬಿದ್ದ ಸದ್ದನ್ನೆಲ್ಲ ಮೊಬೈಲಿನಲ್ಲಿ ಹಿಡಿದು, ನಿಧಾನ ಮಾಡಿ, ಹಾಡಿನ ಅಡಿಗೆ ಹಾಸುವುದು. ಇಸ್ತ್ರಿ ಯಂತ್ರದ ಬುಸುಗುಟ್ಟುವಿಕೆ, ಟೈರಿನಿಂದ ಗಾಳಿ ಹೋಗುವ ಸದ್ದು, ಯಾವುದನ್ನೂ ಬಿಟ್ಟವರಲ್ಲ. ಒಂದು ಸಂಜೆ ಅಪ್ಪನಿಗೆ ಉಣಿಸುವಾಗ ಆ ದನಿ ಎದ್ದಿತು. ಗುಡುಗಕ್ಕನ ಕೈ ಅಭ್ಯಾಸಬಲದಿಂದ ಮೊಬೈಲಿನ ಗುಂಡಿ ಒತ್ತಿತು.

ಡ್ರಮ್ಮು ಬಾರಿಸುವವನು ಟೈರ್ ಅಂಗಡಿಯವನೇ. ಹಾಡುಗಳನ್ನು ಕೂಡಿಸಿ ಹದ ಮಾಡುವವನೂ ಅವನೇ. ಆ ದನಿಯನ್ನು ಕೊನೆಯ ಹಾಡಿಗೆ ಹಾಸಿ, "ಎಲ್ಲಿ ಸಿಕ್ತಕ್ಕಾ ಇದು? ಮೈಯೆಲ್ಲ ಜುಂ ಅಂತು. ತಳದ ಅಂತಸ್ತು ಅಂದ್ರೆ ಇದೇ ನೋಡು" ಎಂದ.

"ಆಸ್ಪತ್ರೇಲಿ ಸಿಕ್ತು" ಎಂದುಬಿಟ್ಟಳು. ಆ ಸುಳ್ಳು ಹೇಳಿ ಮನೆಗೆ ಬಂದವಳು ಅನ್ನದ ತಟ್ಟೆಯನ್ನು ಹಾಗೇ ಮುಚ್ಚಿಟ್ಟಳು. ತಳದಲ್ಲಿ ಎಂಥವರಿರುತ್ತಾರೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದರೂ ಆಲ್ಬಮ್ ಕೇಳಿಸುವ ಆಸೆ ಬಿಡಲಿಲ್ಲ. ಅಪ್ಪನ ಕಿವಿಗೆ ಹೆಡ್‌ಫೋನ್ ಇಟ್ಟಳು. ಮೊದಲ ಹಾಡಿಗೆ ಮುಖ ಸಿಂಡರಿಸಿದರು. ಎರಡನೆಯದಕ್ಕೆ ಕಣ್ಣು ಮುಚ್ಚಿದರು. ಆಮೇಲೆ ಹಾಡು ಬದಲಾದಾಗೆಲ್ಲ ಅವರ ಎಡಗೈ ಹೊದಿಕೆಯ ಮೇಲೆ ಒಂದೊಂದೇ ಅಂಗುಲ ಕೆಳಗೆ ಸರಿಯಿತು. ಅಪ್ಪ ಅಂತಸ್ತುಗಳನ್ನು ಗುರುತಿಸಿದ್ದರು. ಅವಳಿಗೆ ಸಂತೋಷದಿಂದ ಅಳುವೇ ಬಂತು. ಕೊನೆಯ ಹಾಡು ಬಂತು. ಅಪ್ಪ ಕಣ್ಣು ತೆರೆದರು. ತನ್ನ ದನಿ ತನಗೆ ತಿಳಿಯದೇ? ಹೆಡ್‌ಫೋನನ್ನು ಎಡಗೈಯಿಂದ ತೆಗೆದು, ಮೆಲ್ಲಗೆ ಮಗಳ ಮಡಿಲಲ್ಲಿಟ್ಟು, ಗೋಡೆಯ ಕಡೆ ತಿರುಗಿಕೊಂಡರು.

"ತಪ್ಪಾಯ್ತಪ್ಪಾ. ಕೇಳದೇ ತಗೊಂಡೆ" ಎಂದಳು.

ಅಂದಿನಿಂದ ಮಗಳು ಚಮಚ ತಂದರೆ ಬಾಯಿಗೆ ಬೀಗ. ಚಿಕ್ಕಮ್ಮನ ಕೈಯಲ್ಲಿ ಮಾತ್ರ ಉಣ್ಣುತ್ತಿದ್ದರು. "ಏನೇ ಮಾಡಿದೆ ನಮ್ಮ ಭಾವನಿಗೆ?" ಎಂದು ಚಿಕ್ಕಮ್ಮ ಕೇಳಿದಳು.

ಗುಡುಗಕ್ಕ ಶೆಡ್ಡಿಗೆ ಹೋಗಿ, ಟೈರಿನವನಿಗೆ "ಆ ದನಿ ತೆಗೀಬೇಕು" ಎಂದಳು.

"ತಲೆ ಕೆಟ್ಟಿದೆಯಾ? ಆಲ್ಬಮ್ಮಿನ ಜೀವ ಅದು."

"ನಮ್ಮಪ್ಪಂದು ಅದು."

ಟೈರಿನವನು ಕೈಯ ಗ್ರೀಸು ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತ. ಆ ದನಿಯನ್ನು ಅಳಿಸಿದ. ಹಾಡಿನ ನಡುವೆ ಖಾಲಿ ಬಿತ್ತು. ಇನ್ನೊಂದು ತುಣುಕು ಹುಡುಕಿ ತೆಗೆದು, "ಅದರ ಜೊತೆ ಬೇರೆ ಒಂದು ಮಾತಿತ್ತಕ್ಕಾ. ಯಾರೋ ನರ್ಸಮ್ಮ ಅಂದ್ಕೊಂಡು ಆಗಲೇ ಕತ್ತರಿಸಿಟ್ಟಿದ್ದೆ" ಎಂದು ಕೇಳಿಸಿದ.

ಅವಳದೇ ಮೆತ್ತನೆಯ ದನಿ. "ಇನ್ನೊಂದು ತುತ್ತು, ಅಪ್ಪಾ. ಇದೊಂದೇ."

ಖಾಲಿ ಬಿದ್ದಲ್ಲಿ ಅದನ್ನೇ ಇಟ್ಟರು. ಗಿಟಾರಿಲ್ಲ, ಕಿರುಚಾಟವಿಲ್ಲ.

ಮರುದಿನ ಸಂಜೆ ಚಿಕ್ಕಮ್ಮ ಹೊರಟ ಮೇಲೆ ಅಪ್ಪನ ಕಿವಿಗೆ ಮತ್ತೆ ಹೆಡ್‌ಫೋನ್ ಇಟ್ಟಳು. ಅಪ್ಪ ಕೊನೆಯವರೆಗೂ ಕೇಳಿದರು.

"ಇದನ್ನ ಇಡಲಾ ಅಪ್ಪಾ? ಬೇಡ ಅಂದ್ರೆ ಹಾಡೇ ಬೇಡ."

ಅಪ್ಪ ಅವಳ ಮುಖ ನೋಡಿದರು. ಆಮೇಲೆ ಪಕ್ಕದಲ್ಲಿ ಆರುತ್ತಿದ್ದ ಊಟದ ಬಟ್ಟಲಿನ ಕಡೆ ನೋಡಿ, ಬಾಯಿ ತೆರೆದರು.